ಇಬ್ಬರಿಗೆ ಮಾತ್ರ

ಕಾಶಿನಾಥನ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಈ ನಾಲ್ಕು ವರ್ಷಗಳಲ್ಲಿ ಅವನೂ ಅವನ ಹೆಂಡತಿ ಗುರುದೇವಿಯೂ, ಇಬ್ಬರೇ ಎದುರುಬದುರು ಕೂತು ಚಹಾ ಕುಡಿದದ್ದು ಹನ್ನೊಂದು ಸಲ. (ಹನ್ನೆರಡು ಎಂದು ಗುರುದೇವಿ ವಾದಿಸುತ್ತಾಳೆ. ಆದರೆ ಆ ಹನ್ನೆರಡನೆಯದು ಅರ್ಧ ಕಪ್ಪಿನಲ್ಲಿರುವಾಗಲೇ ಕರೆಗಂಟೆ ಕೂಗಿದ್ದರಿಂದ ಕಾಶಿನಾಥ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.)

ತಪ್ಪು ಅವರಿಬ್ಬರದ್ದಲ್ಲ, ಹೈದರಾಬಾದಿನದು. ಕಾಶಿನಾಥನ ಊರು ಸೇಡಂ. ಆ ಕಡೆಯವರಿಗೆ ಹೊಟ್ಟೆ ನೋಯಲಿ, ಕಣ್ಣು ಮಂಜಾಗಲಿ, ಮದುವೆಗೆ ಸೀರೆ ಬೇಕಾಗಲಿ, ಮೊದಲು ನೆನಪಾಗುವುದು ಹೈದರಾಬಾದು. ಹೈದರಾಬಾದು ಎಂದೊಡನೆ ನೆನಪಾಗುವುದು ಕೊಂಡಾಪುರದ ಮೂರನೆಯ ಮಹಡಿಯಲ್ಲಿರುವ ಕಾಶಿನಾಥನ ಮನೆ. ಊರ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅಂಥದೊಂದು ಕಟ್ಟಡದಲ್ಲಿ ಕೂತು, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಅದೆಂಥ ಕೆಲಸವೋ ಬಳಗದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನ ಮನೆಯಲ್ಲಿ ಗೀಸರ್ ಇದೆ ಎನ್ನುವುದು ಮಾತ್ರ ಎಲ್ಲರಿಗೂ ತಿಳಿದಿತ್ತು.

ಬರುವವರಲ್ಲಿ ಅಗ್ರಗಣ್ಯರು ಕಾಶಿನಾಥನ ಸೋದರಮಾವ ಅಮೃತಪ್ಪ ಮತ್ತು ಅವನ ಹೆಂಡತಿ, ಅತ್ತೆ ಉಮಾಬಾಯಿ. ಅಮೃತಪ್ಪನಿಗೆ ಹಲ್ಲಿನ ತೊಂದರೆ. ಡಾಕ್ಟರು ಬಹಳ ಸಾವಧಾನದ ಮನುಷ್ಯ. ಒಂದು ಭೇಟಿಗೆ ಒಂದು ಹಲ್ಲು ಕೀಳುತ್ತಿದ್ದ. ಮನುಷ್ಯನ ಬಾಯಲ್ಲಿ ಮೂವತ್ತೆರಡು ಹಲ್ಲು ಇಟ್ಟ ಭಗವಂತನ ಮೇಲೆ ಕಾಶಿನಾಥನಿಗೆ ಸಿಟ್ಟು ಬರಲು ಇದೇ ಕಾರಣ.

ಮನೆಯಲ್ಲಿದ್ದದ್ದು ಒಂದು ಹಾಲ್, ಒಂದು ಕೋಣೆ. ಬಂದ ದಿನವೇ ಉಮಾಬಾಯಿಯ ಸಂವಿಧಾನ ಜಾರಿಗೆ ಬರುತ್ತಿತ್ತು: ಕೋಣೆ ಹೆಂಗಸರಿಗೆ, ಹಾಲ್ ಗಂಡಸರಿಗೆ. ಗುರುದೇವಿ ಅತ್ತೆಯ ಜೊತೆ ಒಳಗೆ, ಕಾಶಿನಾಥ ಮಾವನ ಗೊರಕೆಯ ಜೊತೆ ಹೊರಗೆ. ಹೀಗೆ ನಾಲ್ಕು ದಿನ ಗಂಡ ಹೆಂಡತಿಯನ್ನು ಬೇರೆ ಬೇರೆ ಮಲಗಿಸಿ, ಐದನೆಯ ದಿನ ಹೊರಡುವಾಗ ಅದೇ ಉಮಾಬಾಯಿ ಗುರುದೇವಿಯ ಹೊಟ್ಟೆಯನ್ನೇ ನೋಡುತ್ತ ಕೇಳುತ್ತಿದ್ದಳು: "ಮದುವಿ ಆಗಿ ನಾಕ್ ವರ್ಷ ಆತು. ಇನ್ನಾ ಏನೂ ಸಿಹಿ ಸುದ್ದಿ ಇಲ್ಲೇನವಾ?"

ಕಾಶಿನಾಥನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ಆದರೆ ಗೋಡೆಯ ಪಕ್ಕ ಯಾವಾಗಲೂ ಯಾರಾದರೂ ಮಲಗಿರುತ್ತಿದ್ದರು.

ದಾರಿ ತೋರಿಸಿದವನು ಆಫೀಸಿನ ಪಕ್ಕದ ಕುರ್ಚಿಯ ರಾಹುಲ. ಬೀದರಿನವನು, ಮದುವೆಯಾಗದವನು, ಶನಿವಾರ ಬಂತೆಂದರೆ ಡೇರೆ ಹೊತ್ತು ಕಾಡು ಸೇರುವ ಆಸಾಮಿ.

"ಅಲ್ಲಿ ಏನ್ ಇರ್ತೈತೋ ಮಾರಾಯಾ?" ಎಂದು ಕಾಶಿನಾಥ ಒಮ್ಮೆ ಕೇಳಿದ.

"ಏನೂ ಇರಂಗಿಲ್ಲ. ಯಾರೂ ಇರಂಗಿಲ್ಲ," ಎಂದ ರಾಹುಲ.

ಯಾರೂ ಇರುವುದಿಲ್ಲ! ಕಾಶಿನಾಥ ಆ ಮಾತನ್ನು ಮಂತ್ರದಂತೆ ಜಪಿಸುತ್ತ ಮನೆಗೆ ಬಂದು ಹೆಂಡತಿಗೆ ಹೇಳಿದ. ಗುರುದೇವಿ ಲಟ್ಟಣಿಗೆ ಕೆಳಗಿಟ್ಟಳು. "ಯಾರೂ ಅಂದ್ರ, ಯಾರೂ?" ಎಂದು ಎರಡು ಸಲ ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂತು. ಎರಡು ದಿನ, ಎರಡೇ ಎರಡು ದಿನ ಗಂಡನ ಜೊತೆ ಬೇರೆ ಯಾರೂ ಇಲ್ಲದೆ ಇರುವ ಆಸೆ ಅವಳಿಗೂ ಅಷ್ಟೇ ಇತ್ತು, ಹೇಳಿಕೊಳ್ಳಲು ಮಾತ್ರ ಮನೆಯಲ್ಲಿ ಜಾಗವಿರಲಿಲ್ಲ.

ಮೊದಲನೆಯ ಶಿಬಿರ ಚಳಿಗಾಲದಲ್ಲಿ, ಕೆರೆಯ ದಂಡೆಯ ಮೇಲೆ. ರಾಹುಲ ತನ್ನ ಜೀಪು ಕೊಡುವವನಿದ್ದ. "ಗಾಡಿ ನೀರಿನ ತನಕಾ ಹೋಗ್ತೈತಿ. ಭಾರದ ಚಿಂತಿ ಬ್ಯಾಡ, ಸುಖದ ಚಿಂತಿ ಮಾಡು," ಎಂದು ಅಪ್ಪಣೆ ಕೊಡಿಸಿದ. ಅದರಂತೆ ಎರಡು ಮಡಚುವ ಕುರ್ಚಿ, ಗಾಳಿ ತುಂಬುವ ಹಾಸಿಗೆ, ಐಸ್ ಪೆಟ್ಟಿಗೆ, ಬ್ಯಾಟರಿ ಕಂದೀಲು, ಇಷ್ಟೂ ಬಂದು ಹಾಲ್‌ನಲ್ಲಿ ಸೇರಿದವು. ಶುಕ್ರವಾರ ಸಂಜೆ ಕಾಶಿನಾಥ ಹಾಸಿಗೆಗೆ ಗಾಳಿ ತುಂಬಿ ಪರೀಕ್ಷೆ ಮಾಡುತ್ತಿದ್ದಾಗ ಕರೆಗಂಟೆ ಕೂಗಿತು. ಕೆಳಗಿನ ದವಡೆಯ ಎಡಗಡೆಯ ಹಲ್ಲು.

ಕೆರೆ ಅಲ್ಲೇ ಉಳಿಯಿತು. ಅಮೃತಪ್ಪ ಮಡಚುವ ಕುರ್ಚಿಯಲ್ಲಿ ಒರಗಿ, "ನಮ್ಮ ಕಟ್ಟಿ ಮ್ಯಾಲ ಹಾಕಾಕ ಇಂಥಾವ ಬೇಕಿದ್ವು ನೋಡು," ಎಂದು ಮೂರು ಸಲ ಹೇಳಿದ್ದರಿಂದ ಎರಡೂ ಕುರ್ಚಿಗಳು ಸೇಡಂಗೆ ಪ್ರಯಾಣ ಬೆಳೆಸಿದವು. ಐಸ್ ಪೆಟ್ಟಿಗೆಗೆ ಇರುವೆ ಹತ್ತುವುದಿಲ್ಲ ಎಂದು ಕಂಡುಹಿಡಿದ ಉಮಾಬಾಯಿ ಅದರಲ್ಲಿ ಶೇಂಗಾದ ಉಂಡಿ ತುಂಬಿದಳು. ಅವಳ ಸೀರೆಯ ಪಿನ್ನು ಚುಚ್ಚಿ ಗಾಳಿಹಾಸಿಗೆ ಉದ್ದನೆಯ ನಿಟ್ಟುಸಿರು ಬಿಟ್ಟಿತು. ಪಕ್ಕದಲ್ಲೇ ನಿಂತಿದ್ದ ಕಾಶಿನಾಥನೂ ಬಿಟ್ಟ.

ಎರಡನೆಯದು ಕಾಡಿನ ನಡಿಗೆ. ಇದಕ್ಕೆ ರಾಹುಲನ ಶಾಸ್ತ್ರ ತಿರುವುಮುರುವು. ಎಲ್ಲವನ್ನೂ ಬೆನ್ನ ಮೇಲೆ ಹೊರಬೇಕು, ಆದ್ದರಿಂದ ಏನನ್ನೂ ಒಯ್ಯಬಾರದು. ಕಾಶಿನಾಥ ಒಂದು ಕೊಕ್ಕೆ ತಕ್ಕಡಿ ತಂದು ಮನೆಯ ಸಕಲ ವಸ್ತುಗಳನ್ನು ತೂಗಲು ಶುರು ಮಾಡಿದ. ಕಾಲುಚೀಲ ತೂಗಿದ, ಸಾಬೂನು ತೂಗಿ ಅರ್ಧಕ್ಕೆ ಕೊಯ್ದ, ರಾಹುಲ ಹೇಳಿದನೆಂದು ಇಬ್ಬರ ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಗಳನ್ನೂ ಅರ್ಧಕ್ಕೆ ಮುರಿದ. ಇತ್ತ ಗುರುದೇವಿ ಬುತ್ತಿ ಕಟ್ಟುತ್ತಿದ್ದಳು: ನಲವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಭರಣಿ, ಅದರ ಮೇಲೊಂದು ಕುಕ್ಕರು.

"ಕುಕ್ಕರ್ ಎರಡೂವರಿ ಕಿಲೋ ಐತಿ!" ಎಂದು ಕಾಶಿನಾಥ ಚೀರಿದ.

"ನೀವು ಎಪ್ಪತ್ತೆಂಟ್ ಕಿಲೋ ಅದೀರಿ. ನಾ ಏನರೆ ಅಂದೀನೇನ್ರಿ?"

"ಕಾಡಿನ್ಯಾಗ ಕುಕ್ಕರ್ ಸೀಟಿ ಹೊಡದ್ರ ಪ್ರಾಣಿ ಎಲ್ಲಾ ಓಡಿ ಹೋಗ್ತಾವ."

"ಓಡಿ ಹೋಗ್ಲಿ ಬಿಡ್ರಿ. ಅವೂ ಬಂದು ನಾಕ್ ದಿನ ಇರೋದು ಬ್ಯಾಡ."

ಕಾಶಿನಾಥ ತಕ್ಕಡಿ ಕೆಳಗಿಟ್ಟ. ಕುಕ್ಕರು ಚೀಲ ಸೇರಿತು. ಆಗ ಕರೆಗಂಟೆ ಕೂಗಿತು. ಅಮೃತಪ್ಪನ ಬಾಯಲ್ಲಿ ಈಗ ಕೀಳಲು ಏನೂ ಉಳಿದಿರಲಿಲ್ಲ, ಹೊಸ ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಬಂದಿದ್ದ. ಮರುದಿನ ಬೆಳಿಗ್ಗೆ ಬಚ್ಚಲುಮನೆಯಿಂದ ಹೊರಬಂದವನು ಮೋಟು ಬ್ರಷ್ಷು ಹಿಡಿದು ಕನಿಕರದಿಂದ ಕೇಳಿದ: "ಯಾಕೋ ಕಾಶ್ಯಾ, ಹಲ್ಲು ಹೋಗಿದ್ದು ನಂದು, ಬ್ರಷ್ ಯಾಕ ನಿಂದು ಮುರದೈತಿ?"

ಹಾಲ್‌ನಲ್ಲಿ ಎರಡು ಹೊಸ ಮಲಗುಚೀಲಗಳಿದ್ದವು. ಕುತ್ತಿಗೆವರೆಗೆ ಜಿಪ್ಪು ಎಳೆದುಕೊಂಡರೆ ಚಳಿ ಸುಳಿಯದು. ಅಮೃತಪ್ಪ ಒಂದರೊಳಗೆ ಇಳಿದು, ಜಿಪ್ಪು ಎಳೆದು, ಧೋತರದ ಅಂಚನ್ನು ಅದಕ್ಕೆ ಸಿಕ್ಕಿಸಿಕೊಂಡು, ಹೊರಬರಲಾಗದೆ ಹಾಲ್ ತುಂಬ ಉರುಳಾಡಿದ. ಕಾಶಿನಾಥ ಕಾಲ ಕಡೆಯಿಂದ, ಉಮಾಬಾಯಿ ತಲೆಯ ಕಡೆಯಿಂದ ಎಳೆದು ಮನುಷ್ಯನನ್ನೇನೋ ಹೊರತೆಗೆದರು. ಜಿಪ್ಪು ಮಾತ್ರ ಅಂದಿನಿಂದ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು.

ಇಷ್ಟಾದ ಮೇಲೆ ಕಾಶಿನಾಥನಿಗೆ ಜೀವನದಲ್ಲಿ ಆಸೆ ಹೊರಟುಹೋಯಿತು. ಆಫೀಸಿನಲ್ಲಿ ಸುಮ್ಮನೆ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದ. ಮನೆಯಲ್ಲಿ ಗುರುದೇವಿ ಮಾತು ಕಡಿಮೆ ಮಾಡಿದಳು. ಒಂದು ದಿನ ರೊಟ್ಟಿ ಬಡಿಯುತ್ತ ತಲೆ ಎತ್ತದೆ, "ನಮ್ಮ ಹಣೆಬರದಾಗ ಬರದಿಲ್ಲ ಬಿಡ್ರಿ," ಎಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತು ಅವನಿಗೆ ತಡೆಯಲಾಗಲಿಲ್ಲ. ಮರುದಿನವೇ ಹೋಗಿ ಸ್ವಂತದ್ದೊಂದು ಡೇರೆ ಕೊಂಡು ತಂದ.

ಈ ಸಲ ಮಳೆಗಾಲ, ಅನಂತಗಿರಿ ಗುಡ್ಡ. ಮೂರು ಜನರ ಡೇರೆ ತಗೋ, ಸಾಮಾನು ಇಡಲು ಜಾಗವಾಗುತ್ತದೆ ಎಂದು ರಾಹುಲ ಬಡಕೊಂಡ. ಕಾಶಿನಾಥ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯವನಿಗೆ ಜಾಗವಿದ್ದರೆ ಮೂರನೆಯವನು ಬಂದೇ ಬರುತ್ತಾನೆ ಎನ್ನುವುದು ಅವನ ನಾಲ್ಕು ವರ್ಷಗಳ ತಪಸ್ಸಿನ ಫಲ. ಅವನು ತಂದ ಡೇರೆಯ ಚೀಲದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಇಬ್ಬರಿಗೆ ಮಾತ್ರ. ಆ ಅಕ್ಷರಗಳ ಮೇಲೆ ಅವನು ಬೆರಳಾಡಿಸಿದ. ಗುರುದೇವಿಯೂ ಬಂದು ಬೆರಳಾಡಿಸಿದಳು.

ಮಳೆಯ ಶಿಬಿರದ ಶಾಸ್ತ್ರ ಬೇರೆ. ಭಾರವೂ ಅಲ್ಲ, ಹಗುರವೂ ಅಲ್ಲ, ಒದ್ದೆಯಾಗಬಾರದು ಅಷ್ಟೆ. ರೇನ್‌ಕೋಟು, ನೆಲಕ್ಕೆ ರಬ್ಬರ್ ಚಾಪೆ, ಮೇಲೆ ಕಟ್ಟಲು ಪ್ಲಾಸ್ಟಿಕ್ ಹಾಳೆ, ಹಗ್ಗ, ಗೂಟ, ಬೆಂಕಿಪೊಟ್ಟಣಕ್ಕೂ ಒಂದು ಪ್ಲಾಸ್ಟಿಕ್ ಚೀಲ. ಎಲ್ಲವನ್ನೂ ದಿನಕ್ಕೊಂದರಂತೆ ಗುಟ್ಟಾಗಿ ತಂದು ಮಂಚದ ಕೆಳಗೆ ಅಡಗಿಸಿದರು. ಇನ್ನು ಕರೆಗಂಟೆಯ ಗಂಡಾಂತರ ಒಂದು ಉಳಿದಿತ್ತು. ಅದನ್ನು ತಪ್ಪಿಸಲು ಕಾಶಿನಾಥ ಬುಧವಾರವೇ ಸೇಡಂಗೆ ಫೋನು ಮಾಡಿದ.

"ಮಾಮಾ, ಶನಿವಾರ ಐತವಾರ ನಾವು ಮನ್ಯಾಗ ಇರಂಗಿಲ್ಲರಿ. ನೀವು ಬಂದು ಕೀಲಿ ನೋಡಿ ಹೊಳ್ಳಿ ಹೋಗೋದು ಬ್ಯಾಡ ಅಂತ ಹೇಳಿದ್ನಿ."

"ಎಲ್ಲಿಗಿ ಹೊಂಟೀರೋ?"

"ಅನಂತಗಿರಿ ಗುಡ್ಡಕ್ಕರಿ. ವಿಕಾರಾಬಾದ್‌ದಾಗ ಇಳದು ಹೋಗೋದು."

"ವಿಕಾರಾಬಾದ್?" ಎಂದ ಅಮೃತಪ್ಪ. ಆಚೆ ತಿರುಗಿ ಉಮಾಬಾಯಿಗೆ ಏನೋ ಹೇಳಿದ್ದು ಕೇಳಿಸಿತು. "ಭಾಳ ಚಲೋ ಆತು ಬಿಡು."

ಕಾಶಿನಾಥ ಫೋನಿಟ್ಟು ತನ್ನ ಯೋಜನೆಯನ್ನು ಮೂರು ಸಲ ಪರಿಶೀಲಿಸಿದ. ತಪ್ಪು ಹುಡುಕಿ ಹೊಟ್ಟೆ ಹೊರೆಯುವ ಆ ಮನುಷ್ಯನಿಗೆ ಒಂದು ತಪ್ಪೂ ಸಿಗಲಿಲ್ಲ.

ಶನಿವಾರ ಬೆಳಗ್ಗೆ ಕರೆಗಂಟೆ ಕೂಗಲಿಲ್ಲ. ಇಬ್ಬರೂ ಮೆಟ್ಟಿಲು ಇಳಿದು ಆಟೋ ಹತ್ತಿದರು. ಸಾಮಾನು ನೋಡಿದ ಆಟೋದವನು, "ಘರ್ ಖಾಲಿ ಕರ್‍ರೇ ಕ್ಯಾ ಸಾಬ್?" ಎಂದು ಕೇಳಿದ. ಮನೆ ಖಾಲಿ ಮಾಡುವ ಸುಖವೇ ಸುಖ ಎಂದುಕೊಂಡ ಕಾಶಿನಾಥ ನಕ್ಕುಬಿಟ್ಟ. ಲಿಂಗಂಪಳ್ಳಿಯಲ್ಲಿ ರೈಲು ಸಿಕ್ಕಿತು, ಕಿಟಕಿಯ ಪಕ್ಕ ಎದುರುಬದುರು ಸೀಟು ಸಿಕ್ಕಿತು. ಚಹಾ ಬಂತು. ಇಬ್ಬರೂ ಪೂರ್ತಿ ಕುಡಿದರು. ಇದನ್ನು ಹಿಡಿಯಬಹುದು ಎಂದು ಇಬ್ಬರೂ ಒಪ್ಪಿದರು. ಗುರುದೇವಿ ನಾಲ್ಕು ವರ್ಷಗಳಲ್ಲಿ ಮೊದಲ ಬಾರಿ ಹಾಡು ಗುನುಗಿದಳು, ಅವಳಿಗೆ ಹಾಡಲು ಬರುತ್ತದೆಂಬುದು ಕಾಶಿನಾಥನಿಗೆ ಗೊತ್ತೇ ಇರಲಿಲ್ಲ.

ವಿಕಾರಾಬಾದಿನಲ್ಲಿ ಇಳಿದರು.

"ಏ ಕಾಶ್ಯಾ!"

ಎದುರಿನ ಕಲ್ಲು ಬೆಂಚಿನ ಮೇಲೆ ಅಮೃತಪ್ಪ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದ. ಬಾಯ್ತುಂಬ ಹೊಚ್ಚ ಹೊಸ ಹಲ್ಲು, ಮೂವತ್ತೆರಡೂ ನಗುತ್ತಿದ್ದವು. ಪಕ್ಕದಲ್ಲಿ ಉಮಾಬಾಯಿ, ಅವಳ ಪಕ್ಕದಲ್ಲಿ ರೊಟ್ಟಿಯ ಗಂಟು.

ಸೇಡಂನಿಂದ ಹೈದರಾಬಾದಿಗೆ ಬರುವ ರೈಲು ವಿಕಾರಾಬಾದಿನ ಮೇಲೆಯೇ ಬರುತ್ತದೆ. ಕಾಶಿನಾಥ ಚಿಕ್ಕಂದಿನಿಂದ ಅದೇ ರೈಲಿನಲ್ಲಿ ಓಡಾಡಿದವನು, ಅದೇ ಸ್ಟೇಷನ್ನಿನಲ್ಲಿ ಅದೇ ಭಜಿ ತಿಂದವನು. ಮಳೆ ನೋಡಿದ, ತೂಕ ನೋಡಿದ, ಗೂಟ ಎಣಿಸಿದ. ರೈಲಿನ ದಾರಿ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ.

"ಹಲ್ಲು ಒತ್ತಾಕತ್ತಾವ. ಡಾಕ್ಟರ್ ಸೋಮವಾರ ಬಾ ಅಂದಾನ," ಎಂದ ಅಮೃತಪ್ಪ. "ನೀವಿಲ್ಲದ ಮನಿಗಿ ಹೋಗಿ ಏನ್ ಮಾಡೂಣು ಅಂತ ಇಲ್ಲೇ ಇಳದ್ವಿ."

"ನಿಮ್ಮ ಹಂತ್ಯಾಕ ಎಲ್ಲಾ ಸಾಮಾನ ಇರ್ತೈತಿ ಅಂತ ಹಾಸಿಗಿ ಸೈತ ತರಲಿಲ್ಲ ನೋಡವಾ," ಎಂದಳು ಉಮಾಬಾಯಿ ಗುರುದೇವಿಗೆ. ಗುರುದೇವಿಯ ಹಾಡು ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತ್ತು.

ಗುಡ್ಡ ಹತ್ತಿದರು. ಡೇರೆ ಹಾಕಿ ಮುಗಿಸುವಷ್ಟರಲ್ಲಿ ಸಂಜೆಯಾಗಿ ಮೋಡ ಕಟ್ಟಿತು. ಉಮಾಬಾಯಿ ಡೇರೆಯೊಳಗೆ ತಲೆ ಹಾಕಿ ನೋಡಿ ಕೇಳಿದಳು: "ಎಷ್ಟ್ ಮಂದಿ ಹಿಡೀತಾರೋ ಇದರಾಗ?"

ಕಾಶಿನಾಥನಲ್ಲಿ ಕೊನೆಯ ಆಸೆಯೊಂದು ಮಿಸುಕಾಡಿತು. ಚೀಲವನ್ನು ಎತ್ತಿ ತೋರಿಸಿದ. "ಇಬ್ಬರ ಹಿಡೀತಾರರಿ ಅತ್ತಿ. ಇಬ್ಬರಿಗೆ ಮಾತ್ರ. ಇಲ್ಲಿ ಬರದಾರ ನೋಡ್ರಿ."

"ಹಂಗಾರ ಲೆಕ್ಕ ಸರಿಹೋತು," ಎಂದಳು ಉಮಾಬಾಯಿ. "ಹೆಂಗಸರು ಇಬ್ಬರು ಒಳಗ, ಗಂಡಸರು ಇಬ್ಬರು ಹೊರಗ."

ಗುರುದೇವಿ ಬಗ್ಗಿ ಒಳಗೆ ಹೋಗುವ ಮುನ್ನ ಒಮ್ಮೆ ತಿರುಗಿ ಗಂಡನನ್ನು ನೋಡಿದಳು. ಆ ನೋಟ ಎದುರಿಸಲಾಗದೆ ಕಾಶಿನಾಥ ಎರಡು ಮರಗಳ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟುವ ನೆಪ ಮಾಡಿಕೊಂಡ.

ಕತ್ತಲಾಗುವ ಹೊತ್ತಿಗೆ ಮಳೆ ಶುರುವಾಯಿತು. ಅಮೃತಪ್ಪ ಕಾಶಿನಾಥನ ರೇನ್‌ಕೋಟು ತೊಟ್ಟು, ಕಾಶಿನಾಥನ ಚಾಪೆಯ ಮೇಲೆ ಉರುಳಿ, ಹೊಸ ಹಲ್ಲಿನ ಸೆಟ್ಟನ್ನು ತೆಗೆದು ಕಾಶಿನಾಥನ ಲೋಟದಲ್ಲಿ ಹಾಕಿಟ್ಟ. ಚಲೋ ಮಲಗುಚೀಲ ಉಮಾಬಾಯಿಗೆ ಹೋಗಿತ್ತು. ಜಿಪ್ಪು ಕೆಟ್ಟದ್ದರಲ್ಲಿ ಕಾಶಿನಾಥ ಇಳಿದು, "ಇಬ್ಬರಿಗೆ ಮಾತ್ರ" ಎಂಬ ಚೀಲವನ್ನು ಮಡಚಿ ತಲೆಗೆ ಇಟ್ಟುಕೊಂಡ. ಮೂರು ಮೊಳದ ಆಚೆ ಡೇರೆಯ ಬಟ್ಟೆ, ಅದರ ಆಚೆ ಅವನ ಹೆಂಡತಿ. ಅವನಿಗೆ ನಿಜವಾಗಿಯೂ ಅಳು ಬರುವಂತಾಗಿತ್ತು.

ಡೇರೆಯೊಳಗಿಂದ ಉಮಾಬಾಯಿಯ ದನಿ ಕೇಳಿತು: "ನಾಕ್ ವರ್ಷ ಆತವಾ. ಇನ್ನಾ ಏನೂ ಸಿಹಿ ಸುದ್ದಿ ಇಲ್ಲೇನು?"

ಉತ್ತರ ಕೊಟ್ಟವನು ಹೊರಗೆ ಕಾಶಿನಾಥನ ಪಕ್ಕದಲ್ಲಿದ್ದ ಅಮೃತಪ್ಪ, ಹಲ್ಲಿಲ್ಲದ ಬಾಯಿಂದ, ಬಹಳ ಅಂತಃಕರಣದಿಂದ.

"ಚಿಂತಿ ಮಾಡಬ್ಯಾಡೋ ಕಾಶ್ಯಾ. ಹೈದರಾಬಾದಿನ್ಯಾಗ ಅದಕ್ಕೂ ದೊಡ್ಡ ದೊಡ್ಡ ಡಾಕ್ಟರ್ ಅದಾರಂತ. ಮುಂದಿನ ತಿಂಗಳು ನಾವ ಬಂದು, ಎಷ್ಟ್ ದಿನ ಆದ್ರೂ ಆಗ್ಲಿ, ನಿಮ್ಮನ್ಯಾಗ ನಿಂತು, ನಿಮ್ಮಿಬ್ಬರನ್ನೂ ತೋರಿಸೇ ಹೋಗ್ತೀವಿ."

ಕಾಶಿನಾಥ ಮಲಗುಚೀಲವನ್ನು ತಲೆಯ ಮೇಲೆ ಎಳೆದುಕೊಂಡು ಜಿಪ್ಪು ಹಾಕಿಕೊಳ್ಳಲು ಹೋದ. ಅದು ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.