ಅತ್ತೆಯ ಹತ್ತಕ್ಕೆ ಹತ್ತು

ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಯನ್ನು ಪರೀಕ್ಷಿಸುತ್ತಾರೆ ಎಂಬುದು ಲೋಕದ ಒಂದು ಮೂಢನಂಬಿಕೆ. ನಮ್ಮತ್ತೆಯನ್ನು ನೋಡಿದ ಮೇಲೂ ಅದನ್ನು ಯಾರಾದರೂ ನಂಬಿಯಾರೇ?

ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕಲಸಂದ್ರದಲ್ಲಿ ನಮ್ಮ ಜೊತೆಗಿರುವ ನಿವೃತ್ತ ಲೆಕ್ಕದ ಟೀಚರ್. ಮೂರು ವರ್ಷದ ಹಿಂದೆ ಎಡ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಯಿತು. ಚೆಕಪ್ಪಿಗೆ ಹೋಗುವ ಆಸ್ಪತ್ರೆಯಲ್ಲಿ ಮೆಡಿಕಲ್ ವಿದ್ಯಾರ್ಥಿಗಳೂ ರೋಗಿಗಳ ಮೈಮೇಲೆ ಕೈಯಿಟ್ಟು ಕಲಿಯುತ್ತಾರೆ. ಬೇರೆ ರೋಗಿಗಳು ಮುಖ ಸಿಂಡರಿಸಿದರೆ, ಅತ್ತೆ ಹತ್ತಕ್ಕಿಷ್ಟು ಎಂದು ಅಂಕ ಕೊಡುತ್ತಾರೆ.

"ಕೈ ಐಸ್ ಇದ್ದಂಗಿದೆ, ಉಜ್ಕೊಂಡು ಬಾ. ಒಂದು ಮಾರ್ಕ್ ಕಟ್."

"ಲಿವರ್ ನೋಡೋವಾಗ ಉಸಿರು ಎಳ್ಕೊಳ್ಳಿ ಅನ್ನಲ್ವೇನೋ? ಅದೇ ಬಂದು ನಿನ್ನ ಕೈ ಕುಲುಕತ್ತಾ?"

ಬೆನ್ನುಮೂಳೆ ತಟ್ಟಲು ಮರೆತು ಹೋದವನೊಬ್ಬನನ್ನು ಕ್ಯಾಂಟೀನಿನಿಂದ ವಾಪಸ್ ಕರೆಸಿದ್ದರು.

ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನಾನು ಸುಮ್ಮನಿರುತ್ತೇನೆಯೇ? "ಸ್ಕ್ಯಾನ್ ಇರೋ ಕಾಲದಲ್ಲಿ ಈ ಮುಟ್ಟೋದು ತಟ್ಟೋದು ಯಾಕತ್ತೆ?"

"ಸ್ಟೆಪ್ಸ್ ಇಲ್ದೆ ಉತ್ತರ ಬರೆದ್ರೆ ನಾನು ಯಾವತ್ತಾದ್ರೂ ಮಾರ್ಕ್ಸ್ ಕೊಟ್ಟಿದೀನಾ?"

"ಅದು ಹೋಲಿಕೆ, ವಾದ ಅಲ್ಲ."

"ನಿಂಗೂ ಒಂದು ಮಾರ್ಕ್ ಕಟ್."

ಹೋದ ತಿಂಗಳು ಅತ್ತೆಗೆ ಬೆನ್ನುನೋವು ಶುರುವಾಯಿತು, ರವಿಕೆಗಳೆಲ್ಲ ಸಡಿಲವಾದವು. ರೋಗ ಹರಡಿದೆಯೇ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲಕ್ಕೂ ಪುರಾವೆ ಕೇಳುವ ನಾನೂ ಕೇಳಲಿಲ್ಲ. ಚೆಕಪ್ಪಿನ ಬೆಳಿಗ್ಗೆ ಸೆರಗಿಗೆ ಪಿನ್ ಹಾಕುತ್ತಿದ್ದಾಗ, ಅತ್ತೆ ನನ್ನ ಬೆರಳನ್ನು ಹಿಡಿದು ಎಡಗಡೆ ಕತ್ತಿನ ಬುಡದ ಗುಳಿಯಲ್ಲಿ ಇಟ್ಟುಕೊಂಡರು.

"ಏನಾದ್ರೂ ಸಿಗತ್ತಾ?"

"ಏನಿಲ್ಲತ್ತೆ."

"ಸರಿ," ಎಂದರು.

ಅಂದು ಆಸ್ಪತ್ರೆಯಲ್ಲಿ ಪರೀಕ್ಷಿಸಲು ಬಂದ ವಿದ್ಯಾರ್ಥಿನಿ ಅಂಜುಬುರುಕಿ ಹುಡುಗಿಯೊಬ್ಬಳು. ಕೈ ಉಜ್ಜಿಕೊಂಡೇ ಬಂದಳು. ಉಸಿರು ಎಳೆಸಿ ಹೊಟ್ಟೆ ಒತ್ತಿದಳು. ಬೆನ್ನು ತಟ್ಟಿದಳು, ಅತ್ತೆ ತುಟಿ ಕಚ್ಚಿದರು. ಹಿಂದೆ ನಿಂತು ಕತ್ತಿನ ಪಕ್ಕ ಬೆರಳಾಡಿಸಿದಳು. ಎಡ ಗುಳಿಯಲ್ಲಿ ಬೆರಳು ನಿಂತುಬಿಟ್ಟಿತು.

"ಏನು ಸಿಕ್ತು?"

"ಏನಿಲ್ಲ ಆಂಟಿ. ಸರ್ ಬಂದು ನೋಡ್ತಾರೆ."

"ಸಿಕ್ಕಿದ್ದನ್ನ ಇಲ್ಲ ಅಂದ್ರೆ ಸೊನ್ನೆ. ಹೇಳಮ್ಮ."

ಹುಡುಗಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

"ಒಂದು ಗಂಟು ಇದೆ ಆಂಟಿ. ಕಡಲೆಕಾಳಷ್ಟು. ಗಟ್ಟಿ. ಅಲ್ಲಾಡ್ತಿಲ್ಲ."

"ಮುಟ್ಟಿದ್ರೆ ನೋವಿಲ್ಲ, ಅದನ್ನೂ ಸೇರಿಸ್ಕೊ. ಹತ್ತಕ್ಕೆ ಹತ್ತು. ಇದುವರೆಗೂ ಯಾರಿಗೂ ಕೊಟ್ಟಿಲ್ಲ."

ದೊಡ್ಡ ಡಾಕ್ಟರು ಬಂದು, ಅದೇ ಜಾಗ ಮುಟ್ಟಿ, ಸ್ಕ್ಯಾನಿಗೆ ಬರೆದರು. ಕಾರಿಡಾರಿನ ಬೆಂಚಿನ ಮೇಲೆ ನಮ್ಮ ಸರದಿಗೆ ಕಾಯುತ್ತಾ ಕೂತೆವು. ಬೆಳಿಗ್ಗೆ ನನ್ನ ಬೆರಳಿಗೆ ಸಿಕ್ಕಿದ್ದೂ ಅದೇ ಕಡಲೆಕಾಳು. ಅದು ಅತ್ತೆಗೆ ಗೊತ್ತಿತ್ತು.

ಅತ್ತೆ ನನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡರು. ತಣ್ಣಗಾಗಿದ್ದ ಬೆರಳುಗಳನ್ನು ಬಿಸಿಯಾಗುವವರೆಗೂ ಉಜ್ಜಿದರು.

"ನಿಂಗೆ ಸೊನ್ನೆ ಕಣೇ," ಎಂದರು, ಕೈ ಬಿಡದೆ.