ನಮ್ಮ ಭಾವನವರ ಉಪ್ಪುನೀರಿನ ಸಂಸಾರ

ಹಿತ್ತಲ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ನಮ್ಮ ಯಜಮಾನರು ಬಸ್‌ಸ್ಟ್ಯಾಂಡಿನಿಂದ ಸೈಕಲ್ ತುಳಿದುಕೊಂಡು ಬಂದವರೇ ಬೇಲಿಯಾಚೆಯಿಂದ ಕೂಗಿದರು:

"ಬಂದ್ರು! ಇಂದೂರಿನವರು ಮುಂಜಾನಿ ಬಸ್ಸಿಗೇ ಬಂದ್ರು! ಚಾದಂಗಡ್ಯಾಗ ಕುಂದರ್ಸಿ ಬಂದೇನಿ. ಮೀನಾ ಮುಚ್ರಿ!"

ಬೀಗರು ಬಂದರೆ ಜನ ಮನೆ ಸಾರಿಸುತ್ತಾರೆ, ಚಹಾಕ್ಕೆ ನೀರಿಡುತ್ತಾರೆ. ಮೀನು ಮುಚ್ಚುವುದೆಂದರೇನು? ಹೇಳುತ್ತೇನೆ. ನಮ್ಮ ಭಾವನವರಿಗೆ, ಎಂದರೆ ಯಜಮಾನರ ಅಣ್ಣನಿಗೆ, ನಲವತ್ತು ದಾಟುತ್ತ ಬಂದರೂ ಮದುವೆಯಾಗಿರಲಿಲ್ಲ. ಆದರೆ ಸಂಸಾರವಿತ್ತು! ಅದು ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ, ಸಮುದ್ರದ ನೀರಿನಲ್ಲಿ, ಬಾಲ ಆಡಿಸಿಕೊಂಡು ಸುಖವಾಗಿತ್ತು. ಅದೂ ಯಾರ ಮನೆಯಲ್ಲಿ? ದಿನಕ್ಕೆರಡು ಸಲ ಲಿಂಗಪೂಜೆ ಮಾಡುವ, ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆಯಲ್ಲಿ!

ಭಾವನವರಿಗೆ ದಾಂಡೇಲಿಯ ಕಾಗದದ ಗಿರಣಿಯ ಪ್ರಯೋಗಶಾಲೆಯಲ್ಲಿ ಕೆಲಸ. ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಇಂಜಿನಿಯರೊಬ್ಬರು ತಮ್ಮೂರಿಗೆ ಹೊರಡುವಾಗ ಒಬ್ಬರಿಗೆ ಕುರ್ಚಿ ಕೊಟ್ಟರು, ಒಬ್ಬರಿಗೆ ರೇಡಿಯೋ ಕೊಟ್ಟರು. ನಮ್ಮವರು ಕೇಳಿ ಪಡೆದದ್ದು ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿ ಮತ್ತು ಮೀನು ಸಾಕುವುದರ ಮೇಲೊಂದು ಇಂಗ್ಲಿಷ್ ಪುಸ್ತಕ. ಸಾಹೇಬರು ಕುದುರೆ ಸಾಕಿರಲಿಲ್ಲವಲ್ಲ, ಅದೇ ಶಿವನ ದಯೆ ಎಂದುಕೊಂಡೆ.

ಮನೆಯ ಹತ್ತಿರವೇ ಕಾಳಿ ನದಿ ಹರಿಯುತ್ತದೆ. ನೀರಿಗೂ ಬರವಿಲ್ಲ, ಮೀನಿಗೂ ಬರವಿಲ್ಲ. ಆದರೆ ಭಾವನವರಿಗೆ ಕಡಲೇ ಬೇಕು. ರಜೆಯ ದಿನ ಕಟ್ಟಿಗೆ ಲಾರಿ ಹತ್ತಿ, ಜೋಯಿಡಾದ ಕಾಡುದಾರಿಯಲ್ಲಿ ಮೈಮೂಳೆ ಸಡಿಲ ಮಾಡಿಕೊಂಡು ಕಾರವಾರಕ್ಕೆ ಹೋಗುವರು. ಬರುವಾಗ ದೊಡ್ಡ ಗಾಜಿನ ಬುದ್ದಲಿಗಳಲ್ಲಿ ಸಮುದ್ರದ ನೀರು, ಅದರೊಳಗೆ ರ‍್ಯಾಸ್ ಎಂಬ ಜಾತಿಯ ಮೀನು. ಬೆರಳುದ್ದ, ಹಸಿರು ಮೈ, ಮುಖದ ಮೇಲೆ ಗುಲಾಬಿ ಗೆರೆ. ಸದಾ ಏನೋ ಕಳೆದುಕೊಂಡವರಂತೆ ಮೂತಿ ಚಾಚಿ ಹುಡುಕುತ್ತ ತಿರುಗುತ್ತದೆ. ಸಾರಿಗೆ ಬಾರದ್ದೆಂದು ಬೆಸ್ತರು ಬಲೆಯಿಂದ ಎಸೆಯುವುದನ್ನು ಇವರು ಆಯ್ದು ತರುವರು.

ಆಯ್ಕೆಯೇನು ಸಾಮಾನ್ಯವೇ? "ಹೊಟ್ಟಿ ಒಳಗ ಹೋಗಿರಬಾರದು. ಕಣ್ಣ ತಿಳಿ ಇರಬೇಕು. ನಮ್ಮ ಎದುರಿಗೇ ಉಂಡು ತೋರಸಬೇಕು. ಇಲ್ಲಂದ್ರ ನಾ ಮುಟ್ಟಂಗಿಲ್ಲ," ಎಂದು ಗೋಡೆಗೆ ಹೇಳುವರು. ಗೋಡೆಗೆ ಏಕೆಂದರೆ, ಭಾವನೂ ತಮ್ಮನ ಹೆಂಡತಿಯೂ ಮುಖ ಕೊಟ್ಟು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅವರು ಗೋಡೆಗೆ ಹೇಳುವರು, ನಾನು ಬಾಗಿಲಿಗೆ ಉತ್ತರ ಕೊಡುವೆ. ಮೀನಿನ ಬಗ್ಗೆ ನಮ್ಮ ಗೋಡೆಗೆ ತಿಳಿದಷ್ಟು ಆ ಸಾಹೇಬರಿಗೂ ತಿಳಿದಿರಲಿಕ್ಕಿಲ್ಲ!

ಇಷ್ಟು ಕಣ್ಣಿಟ್ಟು ಮೀನು ನೋಡುವವರು ಹಳಿಯಾಳದ ಹತ್ತಿರ ತೇರಗಾಂವಕ್ಕೆ ಹೆಣ್ಣು ನೋಡಲು ಹೋದಾಗ ಮಾಡಿದ್ದೇನು? ಅವರ ಹಿತ್ತಲ ಬಾವಿಯನ್ನು ಬಗ್ಗಿ ನೋಡುತ್ತ ನಿಂತದ್ದು.

"ಹೆಂಗನಸ್ತು?" ಎಂದು ನಮ್ಮ ಅತ್ತೆ ಆಸೆಯಿಂದ ಕೇಳಿದರು.

"ಭಾಳ ಗಡಸ ನೀರವ್ವಾ."

"ನೀ ಲಗ್ನಾ ಆಗೂದು ಬಾಂವಿನೋ, ಹುಡಿಗಿನೋ?"

ಅತ್ತೆಯವರಿಗಿದ್ದದ್ದು ಅದೊಂದೇ ಚಿಂತೆ. ತಾವು ಕಣ್ಣು ಮುಚ್ಚಿದ ಮೇಲೆ ಈ ಮಗನಿಗೆ ಯಾರು? ನಾವಿದ್ದೇವೆ ಎಂದರೆ, "ನೀವಿರ್ತೀರಿ ತಂಗಿ, ನಿಮ್ಮದು ನಿಮಗ," ಎನ್ನುವರು. ದಿನಾ ಪೂಜೆಯ ಕೊನೆಗೆ ಶಿವನೆದುರು ಇದೊಂದೇ ಅರ್ಜಿ. ಆಮೇಲೆ ಮೂಗಿಗೆ ಸೆರಗು ಹಿಡಿದು ತೊಟ್ಟಿಯನ್ನು ದಾಟಿ ಹೋಗುವರು.

ಹೊಸ ಮೀನು ಬಂದರೆ ನೇರವಾಗಿ ತೊಟ್ಟಿಗೆ ಬಿಡುವಂತಿರಲಿಲ್ಲ. ಕೆಲವು ವಾರ ಅದು ಬೇರೆಯೊಂದು ಗಾಜಿನ ಜಾಡಿಯಲ್ಲಿರಬೇಕು. ಅದರ ಬಲೆ ಬೇರೆ, ಬಟ್ಟಲು ಬೇರೆ. ಅದನ್ನು ಮುಟ್ಟಿದ ಕೈ ತೊಟ್ಟಿಗೆ ತಾಗಬಾರದು. ಅತ್ತೆಯವರಿಗೆ ರೇಗಿತು. "ಲಿಂಗಾ ಕಟ್ಟಿದವರ ಮನ್ಯಾಗ ಮನಶಾರಿಗೇ ಸೂತಕ ಇಲ್ಲ, ನಿನ್ನ ಮೀನಕ್ಕೆಲ್ಲಿಂದ ಬಂತೋ?"

"ಸೂತಕ ಅಲ್ಲವ್ವಾ, ರೋಗ. ಒಂದರ ಮೈಮ್ಯಾಲ ಬಿಳೇ ಚುಕ್ಕಿ ಇದ್ರ ಎಲ್ಲಾವೂ ಸಾಯ್ತಾವ."

"ಮತ್ತ ಜಾಡ್ಯಾಗ ಉಸುಕಿನ ಬಟ್ಟಲಾ ಯಾಕ?"

"ಹಾಸಗಿ."

ಸುಳ್ಳಲ್ಲ! ಹೊತ್ತು ಮುಳುಗಿತೆಂದರೆ ಈ ಮೀನುಗಳು ಉಸುಕಿನೊಳಗೆ ನುಗ್ಗಿ ಮೈ ಮುಚ್ಚಿಕೊಂಡು ಮಲಗುತ್ತವೆ. ಇದು ನಮಗೆ ಗೊತ್ತಿರಲಿಲ್ಲ. ಮೊದಲ ಸಂಜೆ ತೊಟ್ಟಿ ಬರಿದಾದದ್ದು ಕಂಡು ಬೆಕ್ಕು ತಿಂದಿತೆಂದೇ ತಿಳಿದು ಅತ್ತೆಯವರು ಓಣಿಗೆಲ್ಲ ಸಕ್ಕರೆ ಹಂಚಿ ಬಂದರು. ಬೆಳಗಾದರೆ ಅಷ್ಟೂ ಉಸುಕಿನಿಂದ ಎದ್ದು ಬಂದವು! "ಏನ ಮಾಡೂದವ್ವಾ," ಎಂದರು ಭಾವನವರು, "ಹೂಳೂದು ನಮ್ಮ ಪದ್ಧತಿನೇ ಅಲ್ಲೇನು? ನಮ್ಮವರೇ ಇವು." ಅತ್ತೆ ಅವತ್ತು ಊಟ ಮಾಡಲಿಲ್ಲ.

ಮೀನಿಗೆ ಉಸಿರು ಬೇಕೆಂದು ಸೈಕಲ್ಲಿನ ಟ್ಯೂಬಿಗೆ ಗಾಳಿ ತುಂಬಿ ಸಣ್ಣ ಕೊಳವೆಯಿಂದ ನೀರಿಗೆ ಬಿಡುತ್ತಿದ್ದರು. ಮನೆಗೆ ಬಂದವರೆಲ್ಲ ಹತ್ತು ಸಲ ಪಂಪು ಹೊಡೆದ ಮೇಲೆಯೇ ಚಹಾ! ಇಷ್ಟು ಮಾಡಿದರೂ ಅವು ಬದುಕುತ್ತಿದ್ದವೇ? ಬೇಸಿಗೆಯಲ್ಲಿ ನೀರು ಕಾದು ಸತ್ತವು, ಮಳೆಗಾಲದಲ್ಲಿ ಲಾರಿ ಬಾರದೆ ನೀರು ಕೆಟ್ಟು ಸತ್ತವು, ತೊಟ್ಟಿಯಿಂದ ಹಾರಿ ಬಾಗಿಲ ಹಿಂದೆ ಒಣಗಿ ಸತ್ತವು. ಕೊನೆಗೆ ಮೂರೇ ಉಳಿದವು, ಮೂರೂ ಹೆಣ್ಣು. ಆಗೊಂದು ದಿನ ಭಾವನವರು ಹೊಳೆಯುವ ಮುಖದಿಂದ ಗೋಡೆಗೆ ಸುದ್ದಿ ಹೇಳಿದರು: ಗಂಡು ಸತ್ತರೆ ಹೆಣ್ಣುಗಳಲ್ಲಿ ದೊಡ್ಡದು ತಾನೇ ಬಣ್ಣ ಬದಲಿಸಿ ಗಂಡಾಗುತ್ತದಂತೆ, ನಮ್ಮದು ಆಗುತ್ತಿದೆಯಂತೆ!

ಒಳಗಿನಿಂದ ಅತ್ತೆಯವರ ದನಿ ಬಂತು: "ಮೀನ ಸುದ್ದಾ ಗಂಡಾದ್ವು. ನನ್ನ ಮಗ ಒಬ್ಬ ಯಾರಿಗೂ ಗಂಡ ಆಗಲಿಲ್ಲ!"

ಇಂಥ ಕಾಲದಲ್ಲಿ ಇಂದೂರಿನ ಸಂಬಂಧ ಬಂತು. ಇಂದೂರು ಮುಂಡಗೋಡ ಕಡೆಯ ಹಳ್ಳಿ; ಒಳ್ಳೆಯ ಮನೆತನ, ಹುಡುಗಿಗೂ ಮೂವತ್ತು ದಾಟಿತ್ತು. ಹುಡುಗಿಯ ಕಾಕಾ ಕಾಕಿ ಮನೆ ನೋಡಲು ಬರುವುದೆಂದಾಯಿತು. ಸಂಜೆ ದೀಪ ಹಚ್ಚಿದ ಮೇಲೆ ಬರಲಿ, ಆಗ ಮೀನು ಉಸುಕಿನಲ್ಲಿರುತ್ತವೆ, ಬರಿಯ ನೀರು ಕಾಣುತ್ತದೆ ಎಂದು ನಮ್ಮ ಲೆಕ್ಕ. ಅವರು ಮುಂಜಾನೆಯ ಬಸ್ಸಿಗೇ ಇಳಿದಿದ್ದರು!

ಕತ್ತಲೆಯಾದರೆ ಮಲಗುತ್ತವಲ್ಲ? ತೊಟ್ಟಿಯ ಮೇಲೆ ಕೌದಿ ಹೊದಿಸಿದೆವು. ಕೌದಿ ಹಳೆಯದು, ಅಸಹ್ಯ ಕಂಡಿತು. ಅದರ ಮೇಲೆ ಬಿಳಿ ಧೋತರ ಹಾಸಿದೆವು. ಬರೀ ಧೋತರ ಬೋಳು ಕಂಡಿತು. ಅತ್ತೆಯವರು ಎರಡು ಹೂ ಇಟ್ಟರು, ಊದಿನಕಡ್ಡಿ ಹಚ್ಚಿದರು. ಕೈತಪ್ಪಿ ವಿಭೂತಿಯೂ ಬಿತ್ತು.

ಕಾಕಾ ಒಳಗೆ ಕಾಲಿಟ್ಟವರೇ ಚಪ್ಪಲಿ ಬಿಟ್ಟ ಜಾಗದಲ್ಲೇ ಕೈ ಮುಗಿದರು. "ಶರಣ್ರೀ! ಇದು ಯಾರ ಸಮಾಧಿ ಗದ್ದಗಿರಿ?"

ಜನ್ಮದಲ್ಲಿ ಸುಳ್ಳಾಡದ ನಮ್ಮ ಅತ್ತೆ ಹೇಳಿದರು: "ಹಿರ್ಯಾರದ್ರಿ."

"ಮನ್ಯಾಗ ಶರಣರ ಗದ್ದಗಿ ಇಟಗೊಂಡು ಪೂಜಾ ಮಾಡ್ತಾರಂದ್ರ ಇನ್ನೇನ ನೋಡೂದೈತಿ? ಏ, ಸಂಬಂಧ ಆತಂತ ತಿಳಿ!" ಎಂದರು ಕಾಕಾ, ಹೆಂಡತಿಯ ಕಡೆ ತಿರುಗಿ.

ಅತ್ತೆಯವರ ಕಣ್ಣು ತುಂಬಿ ಬಂತು. ಒಂದು ಗಳಿಗೆ, ಶಿವನೇ, ಒಂದೇ ಗಳಿಗೆ, ನಮ್ಮ ಭಾವನವರ ಮದುವೆ ಆಗಿತ್ತು.

"ಒಂದು ಕಾಯಿ ಒಡದಬಿಡೂಣು," ಎಂದು ಕಾಕಾ ಚೀಲಕ್ಕೆ ಕೈ ಹಾಕಿದರು.

ಭಾವನವರು ಎದ್ದು ನಿಂತರು. "ಕಾಯಿ ಬ್ಯಾಡ್ರಿ."

"ಯಾಕ್ರಿ?"

ಪಾಪ, ಅವರಿಗೆ ಸುಳ್ಳು ಬಾರದು. "ಮಲಗ್ಯಾರ್ರಿ," ಎಂದರು.

ಕಾಕಾ ಇನ್ನಷ್ಟು ಕರಗಿ ಹೋದರು. "ಮಲಗಿದ ಶರಣರನ್ನ ಎಬ್ಬಸೂದೇ ಭಕ್ತಿ ಅಲ್ಲೇನ್ರಿ!" ಎಂದು ಕಾಯಿಯನ್ನು ಗದ್ದುಗೆಯ ಮೇಲೆ ಹೊಡೆದರು. ಧಪ್ ಎಂದಿತು. "ಗದ್ದಗಿ ಮೆತ್ತಗೈತಲ್ಲ!" ಎಂದು ಕೌದಿ ಸರಿದಿದ್ದ ಮೂಲೆ ನೋಡಿ ಮತ್ತೊಮ್ಮೆ ಬೀಸಿದರು. ಒಡೆಯಿತು. ಒಡೆದದ್ದು ಕಾಯಿಯಲ್ಲ!

ಧೋತರದ ಕೆಳಗಿನಿಂದ ನೀರು ಭೋರ್ಗರೆದು ಅವರ ಪಾದ ತೊಳೆಯಿತು. "ಗಂಗವ್ವಾ! ಗಂಗಿ ಉಕ್ಕಿ ಬಂದ್ಲು!" ಎಂದು ಕಾಕಾ ಕುಸಿದು ಕುಳಿತು ಎರಡೂ ಕೈಯಲ್ಲಿ ತೀರ್ಥ ತುಂಬಿ ಕುಡಿದರು. ಮುಖ ಹುಳ್ಳಗಾಯಿತು. ಅಷ್ಟರಲ್ಲಿ ಆ ಹೊಸದಾಗಿ ಗಂಡಾದ ಮೀನು ಹಾರಿ ಅವರ ಮಡಿಲಲ್ಲೇ ಬಿತ್ತು!

"ಶಿವಶಿವಾ! ಮೀನದ ನೀರ ಕುಡಸಿದ್ರಲ್ಲೋ! ಕೊರಳಾಗ ಲಿಂಗ ಐತೋ!"

ಕಾಕಿ ಮಾತ್ರ, "ಅಯ್ಯ, ಒದ್ದ್ಯಾಡಾಕತ್ತೈತ್ರಿ, ಮೊದಲ ನೀರಾಗ ಹಾಕ್ರಿ," ಎಂದರು. ನಾನು ತಾಮ್ರದ ಹಂಡೆ ಎತ್ತಿಕೊಂಡು ಓಡಿ ಬಂದೆ. ನೆಲದಲ್ಲಿ ಮೊಣಕಾಲೂರಿ ಮೀನು ಹಿಡಿಯುತ್ತಿದ್ದ ಭಾವನವರು ಗೋಡೆಯನ್ನು ಮರೆತು ನನ್ನ ಮುಖಕ್ಕೇ ಕೂಗಿದರು: "ತಂಗಿ, ತಾಮ್ರ ಬ್ಯಾಡ! ಸಾಯ್ತಾವ! ಉಪ್ಪಿನಕಾಯಿ ಭರಣಿ ತಾ!" ವರ್ಷದ ಮಾವಿನ ಉಪ್ಪಿನಕಾಯಿಯನ್ನು ಬೋಗುಣಿಗೆ ಸುರಿದು, ಭರಣಿ ತೊಳೆದು ಕೊಟ್ಟೆ. ಬುದ್ದಲಿಯಲ್ಲಿ ಸಮುದ್ರದ ನೀರು ಸ್ವಲ್ಪ ಉಳಿದಿತ್ತು, ಅಷ್ಟು ಪುಣ್ಯ. ನಾವು ತಲೆಯೆತ್ತುವಷ್ಟರಲ್ಲಿ ಇಂದೂರಿನವರು ಹೋಗಿಯಾಗಿತ್ತು. ಉಪ್ಪಿಟ್ಟು ತಾಟಿನಲ್ಲೇ ಆರಿತ್ತು.

ಗದ್ದುಗೆಯ ಸುದ್ದಿ ಬಸ್ಸಿಗಿಂತ ಮೊದಲೇ ಮುಂಡಗೋಡ ಮುಟ್ಟಿತು; ಅಲ್ಲಿಂದ ಹಳಿಯಾಳ ಸುತ್ತಿಕೊಂಡು, ಉಪ್ಪು ಖಾರ ಹಚ್ಚಿಸಿಕೊಂಡು, ದಾಂಡೇಲಿಯ ಬಂಗೂರನಗರದ ನಮ್ಮ ಓಣಿಗೇ ಬಂತು. ಆಮೇಲೆ ಯಾರೂ ಹೆಣ್ಣು ಕೊಡಲು ಬರಲಿಲ್ಲ. ಮೀನುಗಳಲ್ಲಿ ಎರಡು ಸತ್ತವು. ಉಳಿದ ಒಂದನ್ನು ಭಾವನವರು ಹೊಸ ಮೀನಿಗೆಂದಿದ್ದ ಗಾಜಿನ ಜಾಡಿಗೆ ಬಿಟ್ಟು, ತಾಯಿಯ ಕಣ್ಣಿಗೆ ಬೀಳದಂತೆ ಹಿತ್ತಲ ಪಡಸಾಲೆಯಲ್ಲಿಟ್ಟರು. ಗೋಡೆಗೂ ಮಾತು ನಿಂತುಹೋಯಿತು. ಅತ್ತೆಯವರು ಪೂಜೆಗೆ ಕೂರುತ್ತಿದ್ದರು. ಆದರೆ ಶಿವನಲ್ಲಿ ಏನನ್ನೂ ಕೇಳುತ್ತಿರಲಿಲ್ಲ. ಅದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ.

ಹೀಗಿರುತ್ತ ಒಂದು ಸಂಜೆ, ಬಿಸಿಲು ಇನ್ನೂ ಅಂಗಳದಲ್ಲಿದ್ದಾಗ, ಅತ್ತೆಯವರು ಬತ್ತಿ ಹೊಸೆಯಲು ಹಿತ್ತಲ ಪಡಸಾಲೆಗೆ ಬಂದು ಕುಳಿತರು. ಜಾಡಿಗೆ ಬೆನ್ನು ಹಾಕಿಯೇ ಕುಳಿತಿದ್ದರು. ತಳದಲ್ಲಿ ಸುಮ್ಮನೆ ನಿಂತಿದ್ದ ಮೀನು ಇದ್ದಕ್ಕಿದ್ದಂತೆ ಗಾಜಿನ ಮುಂಬದಿಗೆ ಬಂದು, ಮೇಲೆ ಕೆಳಗೆ, ಮೇಲೆ ಕೆಳಗೆ ಕುಣಿಯತೊಡಗಿತು. ನೀರು ಚಿಮ್ಮಿ ಅತ್ತೆಯವರ ಬೆನ್ನಿಗೆ ಬಿತ್ತು. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಭಾವನವರು, ಗಿರಣಿಯಿಂದ ಬಂದವರು. ತಾಯಿಯನ್ನು ಕಂಡು ಗಾಬರಿಯಾಗಿ ಜಾಡಿ ಎತ್ತಿಕೊಳ್ಳಲು ಹೋದರು.

"ಇರ್ಲಿ ಬಿಡು," ಎಂದರು ಅತ್ತೆ. "ಅಲ್ಲೋ, ನೀ ಬಂದದ್ದು ನನಗಿಂತ ಮೊದಲ ಇದಕ್ಕ ಗೊತ್ತಾತು."

"ದಿನಾ ಹಿಂಗೇ ಮಾಡ್ತೈತವ್ವಾ."

"ದಿನಾ?"

"ಹೂಂ. ನಾ ಬರೂ ಹೊತ್ತಿಗೆ."

ಅತ್ತೆಯವರು ಬತ್ತಿ ಕೆಳಗಿಟ್ಟರು. ಮೂಗಿಗೆ ಸೆರಗು ಹಿಡಿಯಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು, ಆ ಬೆರಳುದ್ದದ ಜೀವವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಶಿವನೆದುರು ಅರ್ಜಿ ಇಡುತ್ತಿದ್ದ ಆ ಹಳೆಯ ದನಿಯಲ್ಲಿ, ಮೆಲ್ಲಗೆ ಕೇಳಿದರು:

"ಎಷ್ಟ ವರ್ಷ ಬದಕ್ತಾವೋ ಇವು?"

ಪುಸ್ತಕ ಓದಿದ ಭಾವನವರಿಗೆ ಅದು ಗೊತ್ತಿಲ್ಲದೆ ಇರಲಿಕ್ಕಿಲ್ಲ.

"ಚಲೋ ನೋಡ್ಕೋತೇನವ್ವಾ," ಎಂದರು.

ನಾನು ಒಳಗೆ ಹೋಗಿ ನಾಳೆಯ ಪಲ್ಯಕ್ಕೆ ಮಡಕಿಕಾಳು ನೆನೆಹಾಕಿದೆ.