ರುಚಿ ನೋಡಿದವರ ಸಹಿ

ನಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಬಾಯಿಗೆ ಹಾಕಿಕೊಂಡು “ಹೇಗುಂಟು?” ಎಂಬ ಪ್ರಶ್ನೆ ಎದ್ದರೆ ಸಾಕು, ಒಂದು ಪ್ರಸಂಗ ಆಗಿಯೇ ಆಗುತ್ತದೆ. ಆದದ್ದನ್ನು ಬರೆದಿಡುವುದು ನನ್ನ ಕೆಲಸ. ನಾನು ಆ ಕಾಲದ ಬಿ.ಎಸ್ಸಿ., ಕೆಮಿಸ್ಟ್ರಿ. ಮಣ್ಣಗುಡ್ಡದ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಉಪ್ಪಿನಕಾಯಿ, ಹಪ್ಪಳ, ಮದುವೆ ಊಟ, ಎಲ್ಲದಕ್ಕೂ ನನ್ನಲ್ಲಿ ನೋಟ್‌ಬುಕ್ ಉಂಟು. ಬಣ್ಣ, ವಾಸನೆ, ರುಚಿ, ಹತ್ತರಲ್ಲಿ ಎಷ್ಟು ಅಂಕ. ಕೊನೆಯ ಕಾಲಂನಲ್ಲಿ ರುಚಿ ನೋಡಿದವರ ಸಹಿ. ಸಹಿ ತೆಗೆದುಕೊಳ್ಳದಿದ್ದರೆ ಮರುದಿನ ಎಲ್ಲರೂ ಮಾತು ಬದಲಿಸುತ್ತಾರೆ.

ಇತ್ತೀಚೆಗೆ ಆ ಪುಸ್ತಕಕ್ಕೆ ಪೋರ್ಟರ್ ಸೇರಿತು. ಪೋರ್ಟರ್ ಎಂದರೆ ಚೆನ್ನಾಗಿ ಹುರಿದ ಬಾರ್ಲಿಯಿಂದ ಮಾಡುವ ಕಪ್ಪು ಬಿಯರ್. ಕೂಳೂರು ಸೇತುವೆಯ ಆಚೆ ಒಂದು ಪಬ್‌ನಲ್ಲಿ ಬಿಯರ್ ತಯಾರಿಸುವುದು ನನ್ನ ಮಗಳ ಉದ್ಯೋಗ. ಅವಳಿಗೆ ಸ್ವಂತದ್ದೊಂದು ಪಬ್ ಮಾಡುವ ಆಸೆ. ಬಿಜೈಯಲ್ಲಿ ಮಾವನವರು ಕಟ್ಟಿಸಿದ ಕಟ್ಟಡದ ಕೆಳಗಿನ ಅಂತಸ್ತು ಖಾಲಿ ಇತ್ತು. ಒಪ್ಪಿಗೆ ಪತ್ರಕ್ಕೆ ಕುಟುಂಬದ ಎಲ್ಲರೂ ಸಹಿ ಹಾಕಿದ್ದರು, ನನ್ನ ಗಂಡನ ಅಕ್ಕ ಒಬ್ಬರನ್ನು ಬಿಟ್ಟು. ಅತ್ತಿಗೆಯದ್ದು ಒಂದೇ ಪ್ರಶ್ನೆ: “ಅಪ್ಪ ಇದ್ದಿದ್ದರೆ ಒಪ್ಪುತ್ತಿದ್ದರಾ?”

ದೀಪಾವಳಿಯೊಳಗೆ ಅವರು ಸಹಿ ಹಾಕದಿದ್ದರೆ ಜಾಗ ಟೈಲ್ಸ್ ಅಂಗಡಿಯವರಿಗೆ ಎಂದು ತೀರ್ಮಾನವಾಗಿತ್ತು. ಮಗಳು ಮಾತ್ರ ಧೈರ್ಯ ಬಿಡದೆ ನಾಲ್ಕು ರುಚಿಯ ಪೋರ್ಟರ್ ಮಾಡಿ ತಂದಳು: ಪುನರ್ಪುಳಿ ಎಂಬ ಹುಳಿಹಣ್ಣಿನದ್ದು, ಕಾಫಿಯದ್ದು, ಹಲಸಿನದ್ದು, ಬೆಲ್ಲಕ್ಕೆ ಹುರಿದ ತೆಂಗಿನಕಾಯಿ ಸೇರಿಸಿದ್ದು. “ಒಂದನ್ನು ಆರಿಸಿ ಕೊಡು ಅಮ್ಮ” ಎಂದಳು.

೧. ಗಂಡನ ನಾಲಿಗೆ

ಮೊದಲು ಕುಳಿತವರು ನನ್ನ ಯಜಮಾನರು. ಐದು ಲೋಟ ಸಾಲಾಗಿ ಇಟ್ಟೆ. ಮೊದಲನೆಯದು ಕುಡಿದರು. “ಚೆನ್ನಾಗುಂಟು.” ಎರಡನೆಯದು. “ಚೆನ್ನಾಗುಂಟು.” ಐದಕ್ಕೂ ಅದೇ ಉತ್ತರ, ಐದಕ್ಕೂ ಎಂಟು ಅಂಕ.

“ರೀ, ಇದ್ದ ರುಚಿ ನಾಲ್ಕೇ. ಐದನೇ ಲೋಟದಲ್ಲಿ ಇದ್ದದ್ದು ನಿನ್ನೆ ಉಳಿದ ಜೀರಿಗೆ ಕಷಾಯ” ಎಂದೆ. ಪ್ರಯೋಗ ಎಂದ ಮೇಲೆ ಹೀಗೊಂದು ತಾಳೆ ನೋಡಬೇಕಾಗುತ್ತದೆ.

ಅವರು ಲೋಟವನ್ನೊಮ್ಮೆ ನೋಡಿ, “ಅದೂ ಚೆನ್ನಾಗುಂಟಲ್ಲ ಮಾರಾಯ್ತಿ” ಎಂದರು.

ಆ ದಿನವೇ ಹಳೆಯ ನೋಟ್‌ಬುಕ್‌ಗಳನ್ನೆಲ್ಲ ತೆಗೆದೆ. ಮದುವೆಯಾದಂದಿನಿಂದ ನನ್ನ ಅಡುಗೆಗೆ ಅವರು ಕೊಟ್ಟ ಎಂಟುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ರದ್ದು ಮಾಡಿದೆ.

೨. ಟೀಚರ್ ಅವರ ಚಮಚ

ಪಕ್ಕದ ಮನೆಯವರು ಕೊಂಕಣಿ ಮಾತಾಡುವ ನಿವೃತ್ತ ಟೀಚರ್. ಕ್ರಿಸ್ಮಸ್‌ಗೆ ಅವರು ಮಾಡುವ ದ್ರಾಕ್ಷಿ ವೈನ್ ನಮ್ಮ ಬೀದಿಗೆಲ್ಲ ಪ್ರಸಿದ್ಧ. ಹಾಗಾಗಿ ಅವರ ಅಭಿಪ್ರಾಯ ಬೇಕೇ ಬೇಕಿತ್ತು.

“ವೈನ್ ಬೇರೆ, ಬಿಯರ್ ಬೇರೆ. ಬಿಯರ್ ನಾನು ಮುಟ್ಟುವುದಿಲ್ಲ, ನಿಮಗೆ ಗೊತ್ತುಂಟಲ್ಲ” ಎಂದರು.

“ವಾಸನೆಯಾದರೂ ನೋಡಿ ಟೀಚರ್.”

ನೋಡಿದರು. ಇನ್ನೊಮ್ಮೆ ಮೂಸಿ, “ಒಂದು ಚಮಚ ಕೊಡಿ. ಚಮಚದಲ್ಲಿ ತೆಗೆದುಕೊಂಡರೆ ಕುಡಿದ ಹಾಗೆ ಆಗುವುದಿಲ್ಲ” ಎಂದರು. ಕಾಫಿಯದ್ದರಲ್ಲಿ ಒಂದು ಚಮಚ. ಖಾತ್ರಿಯಾಗಲಿಲ್ಲವಂತೆ, ಇನ್ನೊಂದು. ಹಲಸಿನದ್ದು ಸರಿಯಾಗಿ ಗಂಟಲಿಗೆ ತಾಗಲಿಲ್ಲವಂತೆ, ಮತ್ತೆರಡು. ನಾನು ಗೀಟು ಹಾಕುತ್ತಾ ಹೋದೆ. ಇಪ್ಪತ್ತಮೂರು ಗೀಟಾದಾಗ ಚಮಚ ಕೆಳಗಿಟ್ಟು, ಹಣೆಯ ಬೆವರು ಒರೆಸಿಕೊಂಡು ಎದ್ದರು.

ಸಹಿ ಹಾಕಿ ಮನೆಗೆ ಹೋದವರು ಐದೇ ನಿಮಿಷದಲ್ಲಿ ತಿರುಗಿ ಬಂದರು. ಕೈಯಲ್ಲಿ ಅವರದೇ ಮನೆಯ ಖಾಲಿ ಬಾಟಲಿ ಇತ್ತು. “ಸ್ವಲ್ಪ ಹಾಕಿ ಕೊಡಿ. ಇದನ್ನು ಊಟಕ್ಕೆ ಮೊದಲು ತೆಗೆದುಕೊಳ್ಳುವುದಾ, ನಂತರವಾ?”

೩. ಹತ್ತಕ್ಕೆ ಹನ್ನೊಂದು

ಈ ಪ್ರಸಂಗ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ದಾಖಲೆ ಎಂದ ಮೇಲೆ ನನ್ನದೂ ಇರಬೇಕಷ್ಟೆ.

ಕೊನೆಯ ತೀರ್ಮಾನ ನನ್ನದೇ ಆಗಿತ್ತು. ಬಾಟಲಿಗಳಿಗೆ ಹೆಸರು ಬರೆದು ಚೀಟಿ ಅಂಟಿಸಿ ಫ್ರಿಜ್‌ನಲ್ಲಿಟ್ಟಿದ್ದೆ. ಮರುದಿನ ನೋಡಿದರೆ ಚೀಟಿಗಳೆಲ್ಲ ಒದ್ದೆಯಾಗಿ ಕಳಚಿ ಕೆಳಗೆ ಬಿದ್ದಿದ್ದವು. ನಾಲ್ಕೂ ಕಪ್ಪು. ಯಾವುದು ಯಾವುದೆಂದು ತಿಳಿಯಲು ಕುಡಿಯದೆ ಬೇರೆ ದಾರಿ ಇರಲಿಲ್ಲ. ಒಂದು ಸಲ ಕುಡಿದೆ. ಅನುಮಾನ ಪರಿಹಾರಕ್ಕೆ ಇನ್ನೊಂದು ಸಲ ಕುಡಿದೆ. ವಿಜ್ಞಾನದಲ್ಲಿ ಮೂರು ಸಲ ಆಗಬೇಕು.

ಸಂಜೆ ಮಗಳು ನೋಟ್‌ಬುಕ್ ಓದಿದಳು. ಮೊದಲ ಸಾಲಿನ ಅಕ್ಷರ ಗೆರೆಯ ಮೇಲೆಯೇ ಇತ್ತು. ಮೂರನೆಯ ಸಾಲು ಇಳಿಜಾರಿನಲ್ಲಿತ್ತು. ಕೊನೆಯದು, ಬೆಲ್ಲ ಮತ್ತು ಕಾಯಿಯದ್ದು, ಪುಟ ದಾಟಿ ಮೇಜಿನ ಬಟ್ಟೆಯ ಮೇಲೆ ಮುಗಿದಿತ್ತು.

“ಅಮ್ಮ, ಇದಕ್ಕೆ ಹತ್ತಕ್ಕೆ ಹನ್ನೊಂದು ಕೊಟ್ಟಿದ್ದೀಯಲ್ಲ?”

“ಹೌದು. ಪರೀಕ್ಷಕರ ತೀರ್ಮಾನವೇ ಅಂತಿಮ” ಎಂದೆನಂತೆ. ನನಗೆ ನೆನಪಿಲ್ಲ. ಆದರೆ ಸಹಿ ನನ್ನದೇ.

೪. ಮಾವನವರ ಎಲೆ

ದೀಪಾವಳಿಗೆ ನಮ್ಮಲ್ಲಿ ಹಿರಿಯರಿಗೆ ಬಡಿಸುವ ಕ್ರಮ ಉಂಟು. ಒಳಕೋಣೆಯಲ್ಲಿ ಬಾಳೆಎಲೆ ಹಾಕಿ, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿ ಹೊರಗೆ ಕುಳಿತುಕೊಳ್ಳುತ್ತೇವೆ. ಅವರು ಉಂಡಾಗಿರಬಹುದು ಎನ್ನುವಷ್ಟು ಹೊತ್ತು ಬಿಟ್ಟು ಬಾಗಿಲು ತಟ್ಟಿ ತೆರೆಯುವುದು. ಮಾವನವರ ಎಲೆಗೆ ಕೋಳಿ ಸುಕ್ಕ, ರೊಟ್ಟಿ, ಒಂದು ಲೋಟ ಕಳ್ಳು ಕಡ್ಡಾಯ.

ಈ ವರ್ಷ ನಾನೇ ಬಾಯಿಬಿಟ್ಟೆ. “ಅತ್ತಿಗೆ, ಅಪ್ಪ ಒಪ್ಪುತ್ತಿದ್ದರಾ ಎಂದು ನೀವು ನಮ್ಮಲ್ಲಿ ಕೇಳುವುದು ಯಾಕೆ? ಅವರಲ್ಲೇ ಕೇಳೋಣ. ಈ ಸಲ ಕಳ್ಳಿನ ಜಾಗದಲ್ಲಿ ಮೊಮ್ಮಗಳು ಮಾಡಿದ್ದನ್ನು ಇಡೋಣ.”

ಎಲ್ಲರೆದುರು ಅವರಿಗೆ ಇಲ್ಲವೆನ್ನಲು ಆಗಲಿಲ್ಲ. “ಇಡು. ಅಪ್ಪ ಮುಟ್ಟುವುದಿಲ್ಲ, ನೋಡು ಬೇಕಾದರೆ” ಎಂದರು.

ಬೆಲ್ಲ ಮತ್ತು ಕಾಯಿಯ ಪೋರ್ಟರನ್ನು ಗಾಜಿನ ಲೋಟಕ್ಕೆ ಹಾಕಿದೆ. ನೊರೆ ಇಳಿಯುವವರೆಗೆ ಕಾದು, ಹೊರಗಿನಿಂದ ಪೆನ್ನಿನಲ್ಲಿ ಒಂದು ಗೆರೆ ಎಳೆದೆ. ಬಾಗಿಲು ಹಾಕಿದೆವು. ಮಗಳು ಚಾವಡಿಯಲ್ಲಿ ಉಗುರು ಕಚ್ಚುತ್ತಾ ಕುಳಿತಳು. ಒಪ್ಪಿಗೆ ಪತ್ರ ಅವಳ ಮಡಿಲಲ್ಲಿತ್ತು.

ಐದು ನಿಮಿಷ ಆಗಿರಬಹುದು, ಅತ್ತಿಗೆ ಎದ್ದರು. “ದೀಪಕ್ಕೆ ಎಣ್ಣೆ ಸಾಲದು ಅಂತ ಕಾಣ್ತದೆ. ನೀವು ಕುಳಿತುಕೊಳ್ಳಿ. ಮನೆಮಗಳು ನಾನು, ನಾನು ಹೋದರೆ ಅಪ್ಪ ಎಂತ ಹೇಳುವುದಿಲ್ಲ.” ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಂದು ದೀಪಕ್ಕೆ ಎಣ್ಣೆ ಹಾಕಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತಗಲಿತು. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದು ಕುಳಿತರು.

ಸಮಯವಾದ ಮೇಲೆ ಬಾಗಿಲು ತಟ್ಟಿ ತೆರೆದೆವು. ಕೋಳಿ ಹಾಗೆಯೇ ಇತ್ತು. ರೊಟ್ಟಿ ಹಾಗೆಯೇ ಇತ್ತು. ಪೋರ್ಟರ್ ಮಾತ್ರ ನನ್ನ ಗೆರೆಯಿಂದ ಎರಡು ಬೆರಳು ಕೆಳಗಿತ್ತು.

“ಆವಿಯಾಗಿರಬಹುದು” ಎಂದರು ಯಜಮಾನರು.

ಇಷ್ಟು ಬೇಗ ಎರಡು ಬೆರಳು ಆವಿಯಾಗುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆ, “ಎಂತ ಆವಿ? ಅಪ್ಪ ಕುಡಿದಿದ್ದಾರೆ, ಕಾಣುವುದಿಲ್ಲವಾ?” ಎಂದು ಗದರಿ ಮಗಳ ಕಡೆ ಕೈ ಚಾಚಿದರು. “ಆ ಕಾಗದ ಕೊಡು ಇಲ್ಲಿ. ಹಿರಿಯರೇ ಒಪ್ಪಿದ ಮೇಲೆ ನನ್ನದೆಂತ?”

ಸಹಿ ಹಾಕಿದರು. ಮಗಳು ಅವರ ಕಾಲಿಗೆ ಬಿದ್ದಳು. ತಲೆ ಮುಟ್ಟಿ ಹರಸುತ್ತಾ ಅತ್ತಿಗೆ ಮೆಲ್ಲಗೆ, “ಬೆಲ್ಲ ಸ್ವಲ್ಪ ಕಡಿಮೆ ಮಾಡು ಆಯ್ತಾ” ಎಂದರು.

“ಕಾಯಿ, ಮಾಮಿ?” ಎಂದು ಮಗಳು ಸೋದರತ್ತೆಯನ್ನು ಕೇಳಿದಳು.

“ಕಾಯಿ ಸರಿ ಉಂಟು.”

ನಾನು ನೋಟ್‌ಬುಕ್ ತೆರೆದು, ಕೊನೆಯ ಕಾಲಂಗೆ ಬೆರಳಿಟ್ಟು ಅವರ ಮುಂದೆ ಹಿಡಿದೆ. ಅತ್ತಿಗೆ ನನ್ನನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು ಕಾಲಂನ ಹೆಸರು ಓದಿದರು. ಮತ್ತೆ ನನ್ನನ್ನು ನೋಡಿದರು. ಪೆನ್ನು ತೆಗೆದುಕೊಂಡು ಪೂರ್ತಿ ಸಹಿ ಹಾಕಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದರು: “ಅಪ್ಪನ ಪರವಾಗಿ.”